ಒಂದೇ ದಿನಕ್ಕೆ ಮೈಸೂರಿನಿಂದ ಊಟಿ: ನಿಮಗೆ ಗೂಡಲೂರು ದಾರಿಯೇ ಸರಿ

ಸರ್, ನೀವು ಕೇಳಿದ್ದು ಇದು: ಮೈಸೂರಿನಿಂದ ಬೆಳಿಗ್ಗೆ ಹೊರಟು ರಾತ್ರಿಗೆ ವಾಪಸ್, ಪೆಟ್ರೋಲ್ ಸ್ವಿಫ್ಟ್, ಜೊತೆಗೆ ಅಪ್ಪ, ಅಮ್ಮ, ಹೆಂಡತಿ, ಮಗು. ಘಾಟಿಯಲ್ಲಿ ಗಾಡಿ ಓಡಿಸಿ ಅಭ್ಯಾಸವಿಲ್ಲ. ಮಸಿನಗುಡಿ ಮೇಲೆ ಹೋಗೋದಾ, ಗೂಡಲೂರು ಮೇಲಾ?

ಇಲ್ಲಿ ಸುಮಾರು ಜನ ಮಸಿನಗುಡಿ ಅಂದಿದ್ದಾರೆ. ಹತ್ತಿರ ಅನ್ನೋದು ನಿಜ, ಮೂವತ್ತು ಕಿ.ಮೀ. ಆಸುಪಾಸು ಉಳಿಯುತ್ತದೆ. ಆದರೆ ಕಲ್ಲಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ, ಏರು ಬಹಳ ಕಡಿದು. ಐದು ಜನ ಕೂತ ಗಾಡಿ ಕೆಲವು ಕಡೆ ಫಸ್ಟ್ ಗೇರ್ ಕೇಳುತ್ತದೆ. ತಿರುವಿನಲ್ಲಿ ಎದುರಿಗೆ ಗಾಡಿ ಬಂದು ನಿಂತರೆ ಹೊಸಬರಿಗೆ ಕೈಕಾಲು ಆಡುವುದಿಲ್ಲ. ಇನ್ನೊಂದು ವಿಷಯ, ಆ ದಾರಿಯಲ್ಲಿ ಹೊರಗಿನ ಗಾಡಿಗಳನ್ನು ಹತ್ತೋಕೆ ಮಾತ್ರ ಬಿಡುತ್ತಾರೆ. ಇಳಿಯೋಕೆ ಊಟಿ ಇರೋ ನೀಲಗಿರಿ ಜಿಲ್ಲೆಯ ನೋಂದಣಿಯ ಗಾಡಿಗಳಿಗಷ್ಟೇ ಅವಕಾಶ. ಹೇಗಿದ್ದರೂ ಬರುವಾಗ ಗೂಡಲೂರು ಮೇಲೇ ಬರಬೇಕು. ಹಾಗಾಗಿ ಹೋಗೋದೂ ಅದರಲ್ಲೇ ಹೋಗಿ. ಹತ್ತುವಾಗ ನೋಡಿದ ತಿರುವುಗಳು ಇಳಿಯುವಾಗ ಗೊತ್ತಿರುತ್ತವೆ.

ಹೊರಡೋ ಮುಂಚೆ ಇ-ಪಾಸ್, ಅಂದರೆ ನೀಲಗಿರಿಗೆ ಗಾಡಿ ಒಯ್ಯೋಕೆ ಆನ್‌ಲೈನ್‌ನಲ್ಲಿ ಸಿಗೋ ಅನುಮತಿ, ಮಾಡಿಸಿಕೊಳ್ಳಿ. ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ 2024ರ ಮೇ 7ರಿಂದ ಬಂದಿರೋ ನಿಯಮ, ದುಡ್ಡೇನೂ ಇಲ್ಲ. ಬೇಸಿಗೆ ಸೀಸನ್‌ನಲ್ಲಿ ದಿನಕ್ಕೆ ಇಷ್ಟೇ ಗಾಡಿ ಅಂತ ಮಿತಿ ಹಾಕುತ್ತಾರೆ. 2025ರಲ್ಲಿ ವಾರದ ದಿನ 6,000, ಶನಿವಾರ ಭಾನುವಾರ 8,000 ಇತ್ತು. ಚೆಕ್‌ಪೋಸ್ಟ್‌ನಲ್ಲಿ ನಿಂತು ನೆಟ್‌ವರ್ಕ್ ಹುಡುಕಬೇಡಿ, ಪಾಸ್‌ನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಪ್ಲಾಸ್ಟಿಕ್ ನೀರಿನ ಬಾಟಲಿಗೂ ನೀಲಗಿರಿಯಲ್ಲಿ ನಿಷೇಧ. ಡಿಕ್ಕಿ ತೆಗೆಸಿ ನೋಡುತ್ತಾರೆ. ಮನೆಯಿಂದ ಸ್ಟೀಲ್ ಬಾಟಲಿಯಲ್ಲೇ ನೀರು ತುಂಬಿಸಿಕೊಂಡು ಹೋಗಿ.

ಐದೂವರೆಗೆ ಮೈಸೂರು ಬಿಡಿ. ನಂಜನಗೂಡು, ಬೇಗೂರು ದಾಟಿ ಗುಂಡ್ಲುಪೇಟೆಯಲ್ಲಿ ತಿಂಡಿ. ಮಗುವಿಗೆ ಎರಡು ಇಡ್ಲಿ ಸಾಕು, ಹೊಟ್ಟೆ ತುಂಬ ತಿನ್ನಿಸಿದರೆ ಗೂಡಲೂರು ಘಾಟಿಯ ಮೇಲಿರೋ ನಡುವಟ್ಟಂ ತಲುಪೋ ಮೊದಲೇ ವಾಂತಿ ಗ್ಯಾರಂಟಿ! ಊರು ದಾಟಿದ ಮೇಲೆ ಬಲಕ್ಕೆ ಕೇರಳದ ರಸ್ತೆ ಹೋಗುತ್ತದೆ, ಅದಕ್ಕೆ ತಿರುಗಬೇಡಿ. ಬಂಡೀಪುರ, ಮುದುಮಲೈ ಕಾಡಿನಲ್ಲಿ ಎಲ್ಲೂ ಇಳಿಯಬೇಡಿ. ಜಿಂಕೆ ಕಂಡಿತು ಅಂತ ಫೋಟೋಗೆ ನಿಲ್ಲಿಸಿದರೆ ದಂಡ ಬೀಳಬಹುದು, ಹಿಂದೆ ಆನೆ ಇದ್ದರೂ ಇರಬಹುದು.

ಗೂಡಲೂರಿನಿಂದ ಊಟಿಗೆ ಸುಮಾರು 50 ಕಿ.ಮೀ. ನಿಮ್ಮ ಟ್ರಿಪ್‌ನ ಸೊಗಸೆಲ್ಲ ಇದರಲ್ಲೇ ಇದೆ. ಮೊದಲು ನೀಲಗಿರಿ ಮರಗಳ ಸಾಲು, ಆಮೇಲೆ ನಡುವಟ್ಟಂ ಸುತ್ತ ಟೀ ತೋಟ. ಪೈಕಾರದ ಹತ್ತಿರ ಬಂದ ಹಾಗೆ ಬೋಳು ಹುಲ್ಲುಬೆಟ್ಟಗಳು, ಅವುಗಳ ಮಡಿಲಲ್ಲಿ ಅಲ್ಲಲ್ಲಿ ಕಪ್ಪಗೆ ಶೋಲಾ ಕಾಡು. ಸಮಯವನ್ನು ಇಲ್ಲೇ ಕಳೆಯಿರಿ. ಪೈಕಾರ ಕೆರೆಯಲ್ಲಿ ದೋಣಿ, ಆಮೇಲೆ ಒಂಬತ್ತನೇ ಮೈಲಿಯ ಶೂಟಿಂಗ್ ಸ್ಪಾಟ್.

ಊಟಿ ಪಟ್ಟಣದೊಳಗೆ ಒಂದೇ ಜಾಗ ಆರಿಸಿಕೊಳ್ಳಿ. ದೊಡ್ಡಬೆಟ್ಟ, ಕೆರೆ, ಗುಲಾಬಿ ತೋಟ ಎಲ್ಲಾ ಅಂತ ಹೊರಟರೆ ಟ್ರಾಫಿಕ್‌ನಲ್ಲೇ ದಿನ ಮುಗಿಯುತ್ತದೆ. ಬೊಟಾನಿಕಲ್ ಗಾರ್ಡನ್ ಹಳೆಯದು, 1848ರಷ್ಟು ಹಿಂದಿನದು, ಆದರೆ ಜನವೋ ಜನ. ಫರ್ನ್‌ಹಿಲ್‌ನಲ್ಲಿ ನಮ್ಮ ಕರ್ನಾಟಕ ತೋಟಗಾರಿಕೆ ಇಲಾಖೆಯ ಉದ್ಯಾನವೂ ಇದೆ. ನಾನಾದರೆ ಅಲ್ಲಿಗೆ ಹೋಗುತ್ತೇನೆ. ಎರಡೂ ಇಳಿಜಾರಿನಲ್ಲಿವೆ, ಅಪ್ಪ ಅಮ್ಮನಿಗೆ ಕೆಳಗಿನ ಭಾಗ ಸಾಕು.

ನಾಲ್ಕಕ್ಕೆ ಊಟಿ ಬಿಡಲೇಬೇಕು. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಗೇಟಿಗಿಂತ ದೊಡ್ಡ ಚಿಂತೆ ಸಂಜೆ ನಡುವಟ್ಟಂನಲ್ಲಿ ಕವಿಯೋ ಮಂಜು.

ಇಳಿಯುವಾಗ ಸೆಕೆಂಡ್ ಗೇರ್. ಎಂಜಿನ್ ಗುಂಯ್ ಅಂದರೆ ಹೆದರಬೇಡಿ, ಗಾಡಿಯನ್ನು ಹಿಡಿದಿರೋದು ಅದೇ. ನ್ಯೂಟ್ರಲ್ ಬೇಡವೇ ಬೇಡ, ಕ್ಲಚ್ ತುಳಿದುಕೊಂಡು ಉರುಳಿಸೋದೂ ಬೇಡ. ಬ್ರೇಕ್ ಒತ್ತಿ, ಬಿಡಿ, ಮತ್ತೆ ಒತ್ತಿ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ಬದಿಗೆ ಹಾಕಿ, ಅರ್ಧ ಗಂಟೆ ತಣ್ಣಗಾಗಲಿ. ಬಿಸಿ ಡಿಸ್ಕ್ ಮೇಲೆ ನೀರು ಸುರಿಯಬೇಡಿ. ಹತ್ತೋ ಗಾಡಿಗೆ ಮೊದಲು ದಾರಿ ಬಿಡಿ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ, ಜಾಗ ಸಿಕ್ಕಾಗ ಅವರನ್ನು ಮುಂದೆ ಕಳಿಸಿ.

ಟಯರ್, ಬ್ರೇಕ್ ಪ್ಯಾಡ್, ವೈಪರ್ ಈ ವಾರವೇ ತೋರಿಸಿಬಿಡಿ. ಯಾವ ತಿಂಗಳು ಹೋಗುತ್ತಿದ್ದೀರಿ ಅಂತ ಹೇಳಲಿಲ್ಲ. ಮಳೆಗಾಲವಾದರೆ ಮಣ್ಣು ಕುಸಿತದ ಸುದ್ದಿ ನೋಡಿಕೊಂಡೇ ಹೊರಡಿ.