ತೊಡಕು ಇರುವುದು ಆದಾಮನಲ್ಲಿ

ಆತ್ಮೀಯರೆ,

ಪ್ರಾಣಿಶಾಸ್ತ್ರದ ಅಸೈನ್‌ಮೆಂಟಿಗೆಂದು ಬರೆದು, ಕಾಲೇಜಿಗೆ ಕೊಡುವ ಮುಂಚೆ ನಮಗೂ ಕಳಿಸಿದ ‘ಕ್ರೈಸ್ತ ನಂಬಿಕೆಗೂ ಜೀವವಿಕಾಸಕ್ಕೂ ವಿರೋಧವಿಲ್ಲ’ ಲೇಖನ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲಾರೆವು. ಅಸೈನ್‌ಮೆಂಟಾಗಿಯೂ ಹೀಗೇ ಕೊಡಬೇಡಿ. ಭಾಷೆ ಸರಾಗವಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಜಗಳವೇ ಇಲ್ಲದ ಕಡೆ ರಾಜಿ ಮಾಡಿಸಿದ್ದೀರಿ, ಜಗಳ ಇರುವ ಕಡೆಗೆ ಹೋಗಿಯೇ ಇಲ್ಲ.

ಆರು ದಿನಗಳ ವಿಚಾರ ಮೊದಲು ತೆಗೆದುಕೊಳ್ಳೋಣ, ಲೇಖನದ ಹತ್ತಿರ ಹತ್ತಿರ ಅರ್ಧ ಅದಕ್ಕೇ ಹೋಗಿದೆ. ಬೈಬಲಿನ ಮೊದಲ ಪುಸ್ತಕ ಆದಿಕಾಂಡದಲ್ಲಿ ದೇವರು ಲೋಕ ಸೃಷ್ಟಿಸಿದ ಒಂದೊಂದು ದಿನವನ್ನೂ ಒಂದೊಂದು ಭೂಯುಗವೆಂದು ಹಿಡಿದು, ಬೈಬಲ್ ಹೇಳಿದ ಕ್ರಮವನ್ನೇ ವಿಜ್ಞಾನ ಈಗ ಕಂಡುಕೊಂಡಿದೆ ಎಂದಿದ್ದೀರಿ. ನೀವೇ ಕೊಟ್ಟ ಕೋಷ್ಟಕವನ್ನು ತಾಳೆ ನೋಡಿ. ಮೂರನೆಯ ದಿನ ಹಣ್ಣು ಬಿಡುವ ಮರಗಳು, ನಾಲ್ಕನೆಯ ದಿನ ಸೂರ್ಯಚಂದ್ರರು, ಐದನೆಯ ದಿನ ಜಲಚರಗಳು ಮತ್ತು ಹಕ್ಕಿಗಳು, ಆರನೆಯ ದಿನ ನೆಲದ ಪ್ರಾಣಿಗಳು, ಕೊನೆಗೆ ಮನುಷ್ಯ. ಕಲ್ಲಿನ ಪದರಗಳು ಹೇಳುವುದು ಬೇರೆ. ಮೀನಿನಂಥ ಕಶೇರುಕಗಳು (ಬೆನ್ನೆಲುಬಿನ ಪ್ರಾಣಿಗಳು) 50 ಕೋಟಿ ವರ್ಷಕ್ಕೂ ಹಿಂದಿನವು. ಹೂ ಬಿಡುವ ಸಸ್ಯಗಳ ಖಚಿತ ಪಳೆಯುಳಿಕೆಗಳು ಸುಮಾರು 13 ಕೋಟಿ ವರ್ಷದವು. ನಾಲ್ಕು ಕಾಲಿನ ಪ್ರಾಣಿಗಳು ನೆಲ ಹತ್ತಿದ್ದು 35 ಕೋಟಿ ವರ್ಷಕ್ಕೂ ಹಿಂದೆ. ಹಕ್ಕಿಯ ಗುಣಗಳಿರುವ ಆರ್ಕಿಯಾಪ್ಟೆರಿಕ್ಸ್ ಸುಮಾರು 15 ಕೋಟಿ ವರ್ಷದ್ದು. ಅಲ್ಲಿಗೆ ಮರ ಮತ್ತು ಮೀನು, ಹಕ್ಕಿ ಮತ್ತು ನೆಲದ ಪ್ರಾಣಿ, ಎರಡೂ ಜೋಡಿ ತಿರುಗುಮುರುಗು. ನಾಲ್ಕನೆಯ ದಿನ ಮೋಡ ಸರಿದು ಸೂರ್ಯ ‘ಕಾಣಿಸಿದ’ ಎಂಬ ನಿಮ್ಮ ಸಮಜಾಯಿಷಿ ಮೂಲಪಾಠದಲ್ಲಿಲ್ಲ. ದೇವರು ಮಾಡಿದನು ಎಂದೇ ಅಲ್ಲಿದೆ. ಅದೂ ಅಲ್ಲದೆ ಎರಡನೆಯ ಅಧ್ಯಾಯಕ್ಕೆ ಬಂದರೆ ಮೊದಲು ಮನುಷ್ಯ (2:7), ಆಮೇಲೆ ತೋಟದ ಮರಗಳು (2:9), ಆಮೇಲೆ ಪ್ರಾಣಿಗಳು (2:19). ಅಕ್ಕಪಕ್ಕದ ಎರಡು ಅಧ್ಯಾಯಗಳು ಎರಡು ಕ್ರಮ ಹೇಳುವಾಗ, ಒಂದನ್ನು ಮಾತ್ರ ಭೂವಿಜ್ಞಾನಕ್ಕೆ ಹೊಲಿಯಲು ಹೋಗುವುದು ಯಾಕೆ?

ಅಷ್ಟೂ ಪುಟ ತೆಗೆದು, ಆ ಜಾಗದಲ್ಲಿ ಒಂದು ಪುಟದ ಇತಿಹಾಸ ಬರೆಯಿರಿ. ಸೂರ್ಯನಿಲ್ಲದೆ ಮೊದಲ ಮೂರು ದಿನ ಹೇಗೆ ಎಂದು ಮೂರನೆಯ ಶತಮಾನದಲ್ಲೇ ಕ್ರೈಸ್ತ ಪಂಡಿತ ಆರಿಜೆನ್ ಕೇಳಿ, ಆ ಕಥನವನ್ನು ಸಾಂಕೇತಿಕವಾಗಿ ಓದಿದ್ದ. ಐದನೆಯ ಶತಮಾನದ ಆರಂಭದಲ್ಲಿ ಬಿಷಪ್ ಅಗಸ್ಟೀನ್, ನಿಸರ್ಗದ ಬಗ್ಗೆ ಕ್ರೈಸ್ತರು ಅನ್ಯರೆದುರು ತಪ್ಪುತಪ್ಪಾಗಿ ಮಾತಾಡಿದರೆ ಧರ್ಮಗ್ರಂಥವೇ ನಗೆಪಾಟಲಾಗುತ್ತದೆ ಎಂದು ಎಚ್ಚರಿಸಿದ್ದ. ಡಾರ್ವಿನ್ನನಿಗೆ ಹೆದರಿ ಹುಟ್ಟಿದ ಓದು ಇದಲ್ಲ ಎಂದು ತೋರಿಸಲು ಇಷ್ಟು ಸಾಕು. ಅದರ ಜೊತೆಗೇ ಇನ್ನೊಂದು ಸಂಗತಿ ಸೇರಿಸಿ: ನೋಹನ ಜಲಪ್ರಳಯದಿಂದಲೇ ಪಳೆಯುಳಿಕೆಗಳೆಲ್ಲ ಆದವು ಎಂಬ ವಾದವನ್ನು ಈಗಿನ ರೂಪಕ್ಕೆ ತಂದವರು 20ನೆಯ ಶತಮಾನದವರು. ಅಡ್ವೆಂಟಿಸ್ಟ್ ಎಂಬ ಪ್ರೊಟೆಸ್ಟಂಟ್ ಪಂಗಡದ ಲೇಖಕ ಜಾರ್ಜ್ ಮೆಕ್ರೆಡಿ ಪ್ರೈಸ್ 1923ರಲ್ಲಿ ಅದನ್ನು ದೊಡ್ಡ ಗ್ರಂಥವಾಗಿಸಿದ, 1961ರ ನಂತರ ಅದು ಉಳಿದ ಪಂಗಡಗಳಿಗೂ ಹರಡಿತು.

ಇದರಿಂದಾಗಿ ‘ಕ್ರೈಸ್ತರು ಹೀಗೆ ನಂಬುತ್ತಾರೆ’ ಎಂಬ ನಿಮ್ಮ ವಾಕ್ಯಗಳಿಗೂ ಕತ್ತರಿ ಬೀಳಬೇಕು. ಯಾವ ಕ್ರೈಸ್ತರು? ಕೆಥೋಲಿಕರಿಗೆ 1950ರಿಂದ ಪೋಪರ ಲಿಖಿತ ನಿಲುವಿದೆ. ಮನುಷ್ಯದೇಹದ ವಿಕಾಸವನ್ನು ಸಂಶೋಧಿಸಲು ಅಡ್ಡಿಯಿಲ್ಲ, ಆತ್ಮವನ್ನು ಮಾತ್ರ ದೇವರೇ ನೇರವಾಗಿ ಸೃಷ್ಟಿಸುತ್ತಾನೆ ಎಂದು ಹನ್ನೆರಡನೆಯ ಪಯಸ್ ಹೇಳಿದ್ದರು. ವಿಕಾಸವಾದ ಬರೀ ಊಹೆಗಿಂತ ಹೆಚ್ಚಿನದು ಎಂದು 1996ರಲ್ಲಿ ಎರಡನೆಯ ಜಾನ್ ಪಾಲ್ ಒಪ್ಪಿದರು. ಅಡ್ವೆಂಟಿಸ್ಟರದು ಆರು ದಿನವೆಂದರೆ ಆರೇ ದಿನ ಎಂಬ ನಿಲುವು. ಕರ್ನಾಟಕದಲ್ಲೂ ಕೆಥೋಲಿಕರು, ಚರ್ಚ್ ಆಫ್ ಸೌತ್ ಇಂಡಿಯಾದ (ಸಿಎಸ್ಐ) ಪ್ರೊಟೆಸ್ಟಂಟರು, ಪೆಂತೆಕೊಸ್ತರು ಎಲ್ಲರೂ ಇದ್ದಾರೆ. ಎಲ್ಲರ ಪರವಾಗಿ ನೀವು ಸಹಿ ಹಾಕಬೇಡಿ.

ಎರಡು ಕಡೆ ಪುರಾವೆಯೇ ಕೆಟ್ಟಿದೆ. ಕಣ್ಣು ನೈಸರ್ಗಿಕ ಆಯ್ಕೆಯಿಂದ ಆಯಿತೆನ್ನುವುದು ಅಸಂಬದ್ಧವೆಂದು ಡಾರ್ವಿನ್ನನೇ ಒಪ್ಪಿಕೊಂಡಿದ್ದ ಎಂದು ಬರೆದಿದ್ದೀರಿ. ಅವನ 1859ರ ‘ಜೀವಜಾತಿಗಳ ಉಗಮ’ ಪುಸ್ತಕದ ಆರನೆಯ ಅಧ್ಯಾಯದಲ್ಲಿ ಆ ವಾಕ್ಯ ಇರುವುದು ನಿಜ. ಅದರ ಬೆನ್ನಿಗೇ, ಸರಳ ಕಣ್ಣಿನಿಂದ ಸಂಕೀರ್ಣ ಕಣ್ಣಿನವರೆಗೆ ಮೆಟ್ಟಿಲುಗಳು ಸಿಕ್ಕಿ, ಪ್ರತಿ ಮೆಟ್ಟಿಲೂ ಆ ಜೀವಿಗೆ ಉಪಯುಕ್ತವಾಗಿದ್ದರೆ ತೊಡಕು ಇಲ್ಲವೆಂದು ವಾದಿಸುತ್ತಾನೆ. ಆ ಮೆಟ್ಟಿಲುಗಳು ಇವತ್ತೂ ಬದುಕಿವೆ: ಪ್ಲನೇರಿಯಾ ಎಂಬ ಚಪ್ಪಟೆಹುಳುವಿನ ಬಟ್ಟಲಿನಂಥ ಕಣ್ಣು, ನಾಟಿಲಸ್ ಎಂಬ ಚಿಪ್ಪಿನ ಕಡಲಜೀವಿಯ ಮಸೂರವಿಲ್ಲದ ಸೂಜಿರಂಧ್ರದ ಕಣ್ಣು, ಆಕ್ಟೋಪಸ್ಸಿನ ಮಸೂರದ ಕಣ್ಣು. ಅರ್ಧ ವಾಕ್ಯ ಉದ್ಧರಿಸಿದ್ದು ಮೌಲ್ಯಮಾಪಕರ ಕಣ್ಣಿಗೆ ಬಿದ್ದರೆ ಉಳಿದ ಪುಟಗಳನ್ನೂ ಅವರು ಅನುಮಾನದಿಂದಲೇ ಓದುತ್ತಾರೆ. ಇನ್ನು ಡಾರ್ವಿನ್ ಸಾಯುವಾಗ ಪಶ್ಚಾತ್ತಾಪಪಟ್ಟು ಕ್ರಿಸ್ತನನ್ನು ನೆನೆದನೆಂಬ ನಿಮ್ಮ ಸಮಾರೋಪ. ಅವನು ತೀರಿಕೊಂಡದ್ದು 1882ರಲ್ಲಿ. ಲೇಡಿ ಹೋಪ್ ಎಂಬಾಕೆಯ ಹೆಸರಿನ ಈ ಕಥೆ ಅಚ್ಚಾದದ್ದು 1915ರಲ್ಲಿ, ಬೋಸ್ಟನ್ನಿನ ಒಂದು ಪತ್ರಿಕೆಯಲ್ಲಿ. ಕೊನೆಗಳಿಗೆಯಲ್ಲಿ ಪಕ್ಕದಲ್ಲಿದ್ದ ಮಗಳು ಹೆನ್ರಿಯೆಟ್ಟಾ 1922ರಲ್ಲಿ ಅದನ್ನು ಸಾರಾಸಗಟಾಗಿ ಅಲ್ಲಗಳೆದಳು. ಆ ಪ್ಯಾರಾ ಪೂರ್ತಿ ಹೋಗಲಿ.

ಹಾಗೆಯೇ, ಮನುಷ್ಯನ ಡಿಎನ್ಎಯನ್ನು ಓದಿದ ಮಾನವ ಜೀನೋಮ್ ಯೋಜನೆಯ ಮುಖ್ಯಸ್ಥರಾಗಿದ್ದ ಫ್ರಾನ್ಸಿಸ್ ಕಾಲಿನ್ಸ್ ಶ್ರದ್ಧಾವಂತ ಕ್ರೈಸ್ತರು ಎಂಬುದನ್ನು ಮೂರು ಸಲ ಹೇಳಿದ್ದೀರಿ. ಒಂದು ಸಲ ಸಾಕು. ಒಬ್ಬರ ತಲೆಯಲ್ಲಿ ಎರಡೂ ಜೊತೆಗಿರಬಲ್ಲವು ಎಂದಷ್ಟೇ ಅದು ತೋರಿಸುತ್ತದೆ. ಹೇಗೆ ಹೊಂದುತ್ತವೆ ಎಂದು ಹೇಳುವ ಕೆಲಸ ನಿಮ್ಮದೇ.

ಈಗ ತಪ್ಪಿಸಿಕೊಂಡ ಜಾಗಕ್ಕೆ ಬರೋಣ. ‘ಮೈಟೋಕಾಂಡ್ರಿಯದ ಹವ್ವ’ ಸಿಕ್ಕಿದ್ದಾಳೆ, ಆದ್ದರಿಂದ ಆದಾಮಹವ್ವರ ಕಥೆ ರುಜುವಾತಾಯಿತು ಎಂದು ಎರಡು ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. 1987ರ ಆ ಅಧ್ಯಯನ ಹೇಳಿದ್ದು ಇಷ್ಟು: ಜೀವಕೋಶದ ಶಕ್ತಿಕೇಂದ್ರವಾದ ಮೈಟೋಕಾಂಡ್ರಿಯದಲ್ಲಿದ್ದು ತಾಯಿಯಿಂದ ಮಾತ್ರ ಬರುವ ಡಿಎನ್ಎಯ ಜಾಡು ಹಿಡಿದು ಹಿಂದೆ ಹೋದರೆ ಎಲ್ಲರ ಗೆರೆಗಳೂ ಸುಮಾರು 2 ಲಕ್ಷ ವರ್ಷದ ಹಿಂದಿನ ಒಬ್ಬ ಹೆಂಗಸಿನಲ್ಲಿ ಕೂಡುತ್ತವೆ. ಆಕೆ ಆಗ ಇದ್ದ ಒಬ್ಬಳೇ ಹೆಂಗಸಲ್ಲ. ಬರೀ ಗಂಡುಮಕ್ಕಳನ್ನು ಹೆತ್ತ ತಾಯಿಯ ಮೈಟೋಕಾಂಡ್ರಿಯದ ಗೆರೆ ಮೊಮ್ಮಕ್ಕಳಿಗೆ ಹೋಗದೆ ಅಲ್ಲಿಗೇ ನಿಲ್ಲುತ್ತದೆ, ಆದರೆ ಅವಳ ಉಳಿದ ಜೀನುಗಳು ಮುಂದುವರಿಯುತ್ತವೆ. ಆ ಉಳಿದ ಜೀನುಗಳ ವೈವಿಧ್ಯ ಅಳೆದಾಗ, ನಮ್ಮ ಪೂರ್ವಜರ ಪರಿಣಾಮಕಾರಿ ಸಂಖ್ಯೆ (ಅಂದರೆ ಮುಂದಿನ ಪೀಳಿಗೆಗೆ ಜೀನು ದಾಟಿಸುತ್ತಿದ್ದವರ ಲೆಕ್ಕ) ದೀರ್ಘಕಾಲ 10,000ದ ಆಸುಪಾಸಿನಲ್ಲಿ ಇತ್ತೆಂಬ ಅಂದಾಜು ಸಿಗುತ್ತದೆ. ಕಳೆದ ಒಂದೆರಡು ಲಕ್ಷ ವರ್ಷಗಳಲ್ಲಿ ಅದು ಇಬ್ಬರಿಗೆ ಇಳಿದ ಗುರುತಿಲ್ಲ.

ಇದು ಕ್ರೈಸ್ತ ನಂಬಿಕೆಗೆ ಬಾಧಕವಾಗುವುದು ಆದಿಕಾಂಡಕ್ಕಿಂತ ಹೆಚ್ಚಾಗಿ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ, ಬೈಬಲಿನಲ್ಲೇ ಇರುವ ಪತ್ರದಲ್ಲಿ. ಒಬ್ಬ ಮನುಷ್ಯನಿಂದ ಪಾಪ, ಪಾಪದಿಂದ ಮರಣ ಲೋಕಕ್ಕೆ ಬಂತು (5:12) ಎಂಬ ಮಾತಿನ ಮೇಲೆ, ಎಲ್ಲರೂ ಆದಾಮನ ಪಾಪ ಹೊತ್ತೇ ಹುಟ್ಟುತ್ತಾರೆ ಎನ್ನುವ ಜನ್ಮಪಾಪದ ಸಿದ್ಧಾಂತ ನಿಂತಿದೆ. ಅದೇ ಅಧ್ಯಾಯದಲ್ಲಿ ಆದಾಮನಿಗೆ ಎದುರಾಗಿ ಕ್ರಿಸ್ತನನ್ನು ಇಡಲಾಗಿದೆ. ಆದಾಮ ಒಬ್ಬನಲ್ಲದಿದ್ದರೆ ಆ ಹೋಲಿಕೆ ಏನಾಗುತ್ತದೆ? ಮಾನವಕುಲ ಹಲವು ಮೂಲಪುರುಷರಿಂದ ಬಂತೆಂಬ ಅಭಿಪ್ರಾಯ ಜನ್ಮಪಾಪದೊಡನೆ ಹೇಗೆ ಹೊಂದುತ್ತದೋ ಕಾಣುತ್ತಿಲ್ಲವೆಂದು ಪಯಸ್ ಅವರ 1950ರ ಪತ್ರವೂ ತಕರಾರು ಎತ್ತಿದೆ. ನೀವು ಆ ಪತ್ರದ ಅನುಕೂಲದ ಭಾಗ ಮಾತ್ರ ಎತ್ತಿಕೊಂಡಿದ್ದೀರಿ. ದೇವತಾಶಾಸ್ತ್ರಜ್ಞರು ಹಿಡಿದಿರುವ ದಾರಿಗಳು ಮುಖ್ಯವಾಗಿ ಮೂರು. ಆದಾಮ ಸಾವಿರಾರು ಜನರ ನಡುವೆ ದೇವರು ಆರಿಸಿಕೊಂಡ ಪ್ರತಿನಿಧಿ ಎಂಬುದು ಒಂದು. ಅವನು ಪ್ರತಿಯೊಬ್ಬ ಮನುಷ್ಯನನ್ನೂ ಸೂಚಿಸುವ ಪಾತ್ರ ಎಂಬುದು ಇನ್ನೊಂದು. ಎಲ್ಲರ ವಂಶವೃಕ್ಷದಲ್ಲೂ ಬರುವ ಒಬ್ಬ ಪೂರ್ವಜನೇ ಹೌದು, ಆದರೆ ಏಕೈಕ ಪೂರ್ವಜನಲ್ಲ ಎಂಬುದು ಮತ್ತೊಂದು. ಮೂರಕ್ಕೂ ಬೆಲೆ ತೆರಬೇಕು: ಮೊದಲನೆಯದರಲ್ಲಿ ಉಳಿದವರಿಗೆ ಪಾಪ ಹೇಗೆ ತಗಲಿತು ಎಂದು ಹೇಳಬೇಕಾಗುತ್ತದೆ, ಎರಡನೆಯದರಲ್ಲಿ ಪೌಲನ ‘ಒಬ್ಬ’ ಸಡಿಲವಾಗುತ್ತಾನೆ, ಮೂರನೆಯದರಲ್ಲಿ ಅವನ ಸುತ್ತ ಇದ್ದವರು ಮನುಷ್ಯರೇ ಅಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ನಮಗೆ ಮೊದಲನೆಯದು ಹೆಚ್ಚು ಗಟ್ಟಿ ಅನ್ನಿಸುತ್ತದೆ. ನೀವು ಬೇರೆಯದನ್ನು ಹಿಡಿಯಬಹುದು, ಬೆಲೆಯನ್ನು ಮಾತ್ರ ಮುಚ್ಚಿಡಬೇಡಿ.

ಸಾವಿನ ಪ್ರಶ್ನೆಯೂ ಇಲ್ಲೇ ಸೇರುತ್ತದೆ. ಮನುಷ್ಯ ಬರುವ ಕೋಟ್ಯಂತರ ವರ್ಷ ಮೊದಲೇ ಪ್ರಾಣಿಗಳು ಒಂದನ್ನೊಂದು ತಿಂದು ಸತ್ತಿವೆ. ಜೀವಂತ ಕಂಬಳಿಹುಳುವನ್ನು ಒಳಗಿಂದ ತಿನ್ನುತ್ತ ಬೆಳೆಯುವ ಪರಾವಲಂಬಿ ಕಣಜಗಳನ್ನು ಕರುಣಾಮಯಿಯಾದ ಸರ್ವಶಕ್ತ ದೇವರು ಬೇಕೆಂದೇ ಸೃಷ್ಟಿಸಿದ ಎಂದು ತನಗೆ ನಂಬಲಾಗದು ಎಂದು ಡಾರ್ವಿನ್ 1860ರ ಮೇ ತಿಂಗಳಲ್ಲಿ ಏಸಾ ಗ್ರೇಗೆ ಬರೆದ. ಹಾರ್ವರ್ಡ್‌ನ ಸಸ್ಯವಿಜ್ಞಾನಿಯಾಗಿದ್ದ ಗ್ರೇ ಪ್ರೆಸ್ಬಿಟೇರಿಯನ್ ಎಂಬ ಪ್ರೊಟೆಸ್ಟಂಟ್ ಪಂಗಡದವನು. ಅಮೆರಿಕದಲ್ಲಿ ಡಾರ್ವಿನ್ನನ ಪರ ವಾದಿಸಿದವನೂ ಅವನೇ. ಒಬ್ಬ ಮನುಷ್ಯ ದೇವರನ್ನು ಗಾಢವಾಗಿ ನಂಬುತ್ತಲೇ ವಿಕಾಸವಾದಿಯೂ ಆಗಿರಬಹುದು ಎಂದು 1879ರ ಪತ್ರವೊಂದರಲ್ಲಿ ಡಾರ್ವಿನ್ ಬರೆದದ್ದೂ ಉಂಟು. ಲೇಡಿ ಹೋಪ್ ಕಥೆಯ ಬದಲು ಈ ಎರಡು ಪತ್ರಗಳನ್ನು ಎದುರುಬದುರು ಇಡಿ.

ಲೇಖನದಲ್ಲಿ ನಿಜಕ್ಕೂ ಒಳ್ಳೆಯ ಪ್ಯಾರಾ ಒಂದಿದೆ, ಆದರೆ ಅದನ್ನೇ ಐದು ಸಾಲಿಗೆ ಮುಗಿಸಿದ್ದೀರಿ. ವಿಟಮಿನ್ ಸಿ ತಯಾರಿಸುವ ಜೀನಿನ ವಿಷಯ. ಬಹುತೇಕ ಸಸ್ತನಿಗಳಲ್ಲಿ ಅದು ಕೆಲಸ ಮಾಡುತ್ತದೆ; ನಮ್ಮಲ್ಲಿ, ಚಿಂಪಾಂಜಿಯಂಥ ವಾನರಗಳಲ್ಲಿ, ಮಂಗಗಳಲ್ಲಿ ಕೆಟ್ಟು ಕೂತಿದೆ. ಒಬ್ಬನೇ ಸೃಷ್ಟಿಕರ್ತ ಒಂದೇ ವಿನ್ಯಾಸವನ್ನು ಮತ್ತೆ ಬಳಸಿದ ಎಂಬ ಉತ್ತರ ಕೆಲಸ ಮಾಡುವ ಅಂಗಗಳಿಗೆ ಒಪ್ಪಬಹುದು. ಕೆಟ್ಟ ಜೀನು ಒಂದೇ ಥರ ಕೆಟ್ಟಿರುವುದಕ್ಕೆ ಆ ಉತ್ತರ ಒಗ್ಗುವುದಿಲ್ಲ. ಗಿನಿಯಿಲಿಯಲ್ಲೂ ಅದು ಕೆಟ್ಟಿದೆ, ಆದರೆ ಬೇರೆ ರೀತಿಯಲ್ಲಿ, ಅಂದರೆ ಸ್ವತಂತ್ರವಾಗಿ. ಇದರ ಪಕ್ಕದಲ್ಲೇ ನಮ್ಮ ಎರಡನೆಯ ವರ್ಣತಂತು (ಕ್ರೋಮೋಸೋಮ್) ಬರಲಿ. ದೊಡ್ಡ ವಾನರಗಳಿಗೆ 24 ಜೋಡಿ, ನಮಗೆ 23. ನಮ್ಮ ಎರಡನೆಯದರ ನಡುವೆ, ತುದಿಯಲ್ಲಷ್ಟೇ ಇರಬೇಕಾದ ಟೆಲೊಮಿಯರ್ ಸರಣಿಗಳು ಮುಖಾಮುಖಿಯಾಗಿ ಕೂತಿವೆ, ಕೆಲಸ ಬಿಟ್ಟ ಇನ್ನೊಂದು ಸೆಂಟ್ರೊಮಿಯರಿನ (ವರ್ಣತಂತುವಿನ ನಡುಗಂಟಿನ) ಅವಶೇಷವೂ ಇದೆ: ಎರಡು ವರ್ಣತಂತುಗಳು ಬೆಸೆದುಕೊಂಡ ಗುರುತು. 2023ರಲ್ಲಿ ಕೇಂದ್ರದ ಪಠ್ಯಪುಸ್ತಕ ಸಂಸ್ಥೆಯಾದ ಎನ್‌ಸಿಇಆರ್‌ಟಿ ಹತ್ತನೆಯ ತರಗತಿಯ ಪುಸ್ತಕದಿಂದ ವಿಕಾಸದ ಭಾಗವನ್ನೇ ಕಿತ್ತುಹಾಕಿದ ಮೇಲೆ ಇಂಥದ್ದನ್ನು ಕನ್ನಡದಲ್ಲಿ ಬಿಡಿಸಿ ಬರೆಯುವವರು ನಮಗೆ ಬೇಕು.

ಉಪನ್ಯಾಸಕರು ಕೇಳಿದ ಪ್ರಶ್ನೆಯನ್ನು ಮತ್ತೆ ಓದಿ: ವಿಕಾಸದ ಪುರಾವೆಗಳನ್ನು ವಿವರಿಸಿ, ನಿಮ್ಮ ನಂಬಿಕೆಯೊಡನೆ ಅದರ ಸಂಬಂಧವನ್ನು ಚರ್ಚಿಸಿ. ಮಿತಿ 2,500 ಪದ. ಪುರಾವೆಗೆ 900, ಓದಿನ ಇತಿಹಾಸಕ್ಕೆ 400, ಆದಾಮ ಮತ್ತು ಸಾವಿಗೆ 800, ಪೀಠಿಕೆ ಮತ್ತು ನಿಮ್ಮ ಸ್ವಂತ ನಿಲುವಿಗೆ 400 ಇಟ್ಟುಕೊಳ್ಳಿ. ‘ನಾನು ನಂಬುತ್ತೇನೆ’ ಎಂಬುದು ಆ ಕೊನೆಯ ಭಾಗದಲ್ಲಿ ಮಾತ್ರ ಬರಲಿ. ಬರೆದಾದ ಮೇಲೆ ಪೆನ್ಸಿಲ್ ಹಿಡಿದು ಪ್ರತಿ ವಾಕ್ಯದ ಪಕ್ಕ ಜೀವವಿಜ್ಞಾನದ್ದಾದರೆ ‘ಜೀ’, ದೇವತಾಶಾಸ್ತ್ರದ್ದಾದರೆ ‘ದೇ’ ಎಂದು ಗುರುತು ಹಾಕಿ. ‘ಜೀ’ ವಾಕ್ಯಕ್ಕೆ ಬೈಬಲ್ ವಚನ ಆಧಾರವಾಗಿದ್ದರೆ ಹೊಡೆದುಹಾಕಿ; ‘ದೇ’ ವಾಕ್ಯಕ್ಕೆ ಪಳೆಯುಳಿಕೆ ಆಧಾರವಾಗಿದ್ದರೂ ಅಷ್ಟೇ. ಯಾವುದಕ್ಕೂ ಸೇರದ ವಾಕ್ಯಗಳೂ ಸಿಗುತ್ತವೆ. ‘ವಿಕಾಸಕ್ಕೆ ಗುರಿಯೂ ಇಲ್ಲ, ನಡೆಸುವವನೂ ಇಲ್ಲ’ ಎಂಬುದು ಅಂಥದ್ದು. ಉತ್ಪರಿವರ್ತನೆಗಳು (ಡಿಎನ್ಎಯಲ್ಲಿ ಆಗುವ ಬದಲಾವಣೆಗಳು) ಜೀವಿಯ ಅಗತ್ಯ ನೋಡಿಕೊಂಡು ಆಗುವುದಿಲ್ಲ ಎನ್ನುವವರೆಗೆ ಜೀವವಿಜ್ಞಾನ. ನಡೆಸುವವನಿಲ್ಲ ಎಂದ ಕೂಡಲೇ ಅದು ತತ್ತ್ವಶಾಸ್ತ್ರ. ಅಂಥವು ಎರಡು ಮೂರಕ್ಕಿಂತ ಹೆಚ್ಚು ಇರದಂತೆ ನೋಡಿಕೊಳ್ಳಿ.

ಪೂರ್ತಿ ಲೇಖನ ತಿದ್ದಿ ಕಳಿಸುವ ಅವಸರ ಬೇಡ. ಆದಾಮನ ಭಾಗದ 800 ಪದ ಮೊದಲು ಬರಲಿ. ಅದು ನಿಂತರೆ ಉಳಿದದ್ದಕ್ಕೆ ನಮ್ಮಲ್ಲಿ ಜಾಗವಿದೆ.

ಸಂಪಾದಕ