ಬಯಾಪ್ಸಿಗೆ ಹೆದರಿ ಬಿಳಿ ಪಟ್ಟೆ ಸಾಕಬೇಡಿ

ಪ್ರಶ್ನೆ: ಚನ್ನಗಿರಿ ಕಡೆಯವನು, 42 ವರ್ಷ. ಮೊದಲಿಂದಲೂ ಅಡಿಕೆ, ತಂಬಾಕು ಹಾಕುವ ರೂಢಿ. ಕೆನ್ನೆಯ ಒಳಗೆ ಬಿಳಿ ಪಟ್ಟೆ ಬಿದ್ದು ಐದು ತಿಂಗಳಾಯಿತು, ನೋವಿಲ್ಲ. ಡಾಕ್ಟರು ಬಯಾಪ್ಸಿ, ಅಂದರೆ ಸಣ್ಣ ತುಂಡು ತೆಗೆದು ಪರೀಕ್ಷೆ, ಅಂತಾರೆ. ಕತ್ತಿ ತಾಗಿದರೆ ಕ್ಯಾನ್ಸರ್ ಹರಡುತ್ತೆ ಅಂತ ಮನೆಯವರು ಬೇಡ ಅಂತಾರೆ. ಏನು ಮಾಡಲಿ?

ಉತ್ತರ: ಮಾಡಿಸಿ, ಈ ವಾರವೇ. ದಾವಣಗೆರೆಯಲ್ಲಿ ಈ ಕತ್ತಿಯ ಕಥೆ ಕೇಳಿ ಕೇಳಿ ಸಾಕಾಗಿದೆ.

ಕೆನ್ನೆಯ ಒಳಹೊದಿಕೆ ಹಲವು ಪದರಗಳ ಎಪಿಥೀಲಿಯಂ, ಅಂದರೆ ಒತ್ತೊತ್ತಾಗಿ ಜೋಡಿಸಿದ ಕೋಶಗಳ ಹೊದಿಕೆ. ಮೇಲಿನ ಚಪ್ಪಟೆ ಕೋಶಗಳು ಉದುರುತ್ತವೆ, ತಳದಿಂದ ಹೊಸವು ಏರಿ ಬರುತ್ತವೆ. ಚರ್ಮಕ್ಕಿರುವ ಕೆರಾಟಿನ್ ಎಂಬ ಗಡುಸು ಪ್ರೋಟೀನಿನ ಪದರ ಅಲ್ಲಿಲ್ಲ. ತಂಬಾಕು, ಸುಣ್ಣ ದಿನವಿಡೀ ಒಂದೇ ಜಾಗದಲ್ಲಿ ಕೂತರೆ ಆ ಹೊದಿಕೆ ಅಂಗಾಲಿನಂತೆ ದಪ್ಪಗಾಗಿ ಕೆರಾಟಿನ್ ಕಟ್ಟಿಕೊಳ್ಳುತ್ತದೆ. ಬೆಳ್ಳಗೆ ಕಾಣುವುದು ಅದು. ಕೆರೆದರೆ ಹೋಗುವುದಿಲ್ಲ, ಹೋದರೆ ಹೆಚ್ಚಾಗಿ ಫಂಗಸ್.

ಇಂಥ ಪಟ್ಟೆಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಆದರೆ ಬರೀ ಕಣ್ಣಲ್ಲಿ ನೋಡಿ ಹಾಗೆ ಹೇಳುವ ಧೈರ್ಯ ನನಗಂತೂ ಇಲ್ಲ. ಎಪಿಥೀಲಿಯಂನೊಳಗೆ ರಕ್ತನಾಳಗಳಿಲ್ಲ, ಅದರ ಕೆಳಗೊಂದು ತೆಳು ಆಧಾರಪೊರೆ ಇದೆ. ಕೆಟ್ಟ ಕೋಶಗಳು ಅದನ್ನು ದಾಟುವವರೆಗೆ ದೇಹದಲ್ಲಿ ಹರಡಲು ದಾರಿಯಿಲ್ಲ. ದಾಟಿವೆಯೋ ಇಲ್ಲವೋ ತಿಳಿಯಲು ತುಂಡು ತೆಗೆದು ಮೈಕ್ರೋಸ್ಕೋಪಿನಲ್ಲೇ ನೋಡಬೇಕು. ನೋವು ಬರಲಿ ಅಂತ ಕಾಯುವವರು ಅವಕ್ಕೆ ಸಮಯ ಕೊಡುತ್ತಿದ್ದಾರೆ. ತುಂಡನ್ನು ಫಾರ್ಮಲಿನ್‌ನಲ್ಲಿ, ಅಂದರೆ ಕೋಶ ಕೆಡದಂತೆ ಇಡುವ ದ್ರಾವಣದಲ್ಲಿ, ಹಾಕಿಸಿಕೊಳ್ಳಿ. ನೀರಿನ ಬಾಟಲಿಯಲ್ಲಿ ತಂದರೆ ಕೋಶಗಳು ಕೆಟ್ಟು, ಮೈಕ್ರೋಸ್ಕೋಪಿನಲ್ಲಿ ನೋಡುವ ನಮಗೆ ಓದಲಾಗುವುದಿಲ್ಲ.

ಪುಡಿ ಹಚ್ಚಿ ಪಟ್ಟೆ ಸುಡುತ್ತೇನೆ ಅನ್ನುವವರ ಹತ್ತಿರ ಹೋಗಲೇಬೇಡಿ. ಸುಟ್ಟ ಗಾಯದಲ್ಲಿ ನಾವು ನೋಡಬೇಕಾದ್ದೇ ಉಳಿದಿರುವುದಿಲ್ಲ.

'ತಂಬಾಕು ಬಿಟ್ಟೆ, ಬರೀ ಅಡಿಕೆ' ಅಂತಲೂ ಬರಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕ ಎಂದಿದೆ. ಅಡಿಕೆ ಸೀಮೆಯಲ್ಲಿ ಕೂತು ಇದನ್ನು ಬರೆದರೆ ಬೈಗುಳ ಬರುತ್ತವೆ, ಬರಲಿ. ಮಂಡಕ್ಕಿ-ಮಿರ್ಚಿ ತಿಂದರೆ ಬಾಯಿ ಉರಿಯುತ್ತಿದೆಯೇ? ಬಾಯಿ ತೆರೆದಾಗ ಹಲ್ಲುಗಳ ನಡುವೆ ಮೂರು ಬೆರಳು ಒಂದರ ಮೇಲೊಂದು ಇಡಲಾಗುತ್ತಿಲ್ಲವೇ? ಹೊದಿಕೆಯ ಕೆಳಗಿನ ಅಂಗಾಂಶ ನಾರುಗಟ್ಟಿ ಬಿಗಿಯುತ್ತಿರಬಹುದು. ಅದನ್ನೂ ತೋರಿಸಿ.

ಪ್ರಶ್ನೆ: ವರ್ಷಕ್ಕೊಮ್ಮೆ ಭೇದಿ ಮಾಡಿಸಿ ಕರುಳಿನ ಪೊರೆ ಹೊಸದು ಮಾಡಿಕೊಳ್ಳಬೇಕಂತೆ?

ಉತ್ತರ: ಸಣ್ಣ ಕರುಳಿನ ಒಂಟಿ ಪದರ ನಾಲ್ಕೈದು ದಿನಕ್ಕೊಮ್ಮೆ ತಾನೇ ಬದಲಾಗುತ್ತದೆ. ದುಡ್ಡು ಉಳಿಸಿ.

ಪ್ರಶ್ನೆ: ಪಿಯುಸಿ ವಿದ್ಯಾರ್ಥಿನಿ. ಎಪಿಥೀಲಿಯಂನ ವಿಧಗಳನ್ನು ವಿವರಿಸಿ.

ಉತ್ತರ: ನಿಮ್ಮ ಪಠ್ಯದಲ್ಲಿದೆ ತಾಯಿ, ಚಿತ್ರಸಮೇತ.

ಪ್ರಶ್ನೆ: ಬಸ್ಸಿನಲ್ಲಿ ಮೂತ್ರ ತಡೆದರೆ ಮೂತ್ರಕೋಶ ಒಡೆಯುತ್ತದೆಯೇ?

ಉತ್ತರ: ಇಲ್ಲ. ಅದರ ಒಳಹೊದಿಕೆ ಹಿಗ್ಗಲೆಂದೇ ಇರುವುದು. ಆದರೂ ಹಿರಿಯೂರಿನಲ್ಲಿ ಬಸ್ ನಿಂತಾಗ ಇಳಿದು ಹೋಗಿ ಬನ್ನಿ.