ಹದಿನಾರರ ಮಗ ಕೈ ಮೀರಿದ್ದಾನೆ: ಕಾನೂನಿನಲ್ಲಿ ದಾರಿ ಏನಿದೆ?

ಪ್ರಶ್ನೆ: ಮಗನಿಗೆ 16 ವರ್ಷ. ಪಿಯು ಕಾಲೇಜು ಬಿಟ್ಟಿದ್ದಾನೆ, ಅಪ್ಪನ ಬೈಕ್ ತಗೊಂಡು ರಾತ್ರಿಯೆಲ್ಲ ತಿರುಗುತ್ತಾನೆ. ಗಾಂಜಾದ ಅನುಮಾನವಿದೆ. ದುಡ್ಡು ಕದೀತಾನೆ, ಕೇಳಿದರೆ ನನ್ನ ಮೇಲೇ ಕೈ ಮಾಡ್ತಾನೆ. ಪೇಪರಿನಲ್ಲಿ ಹಾಕಿಸಿ ಸಂಬಂಧ ಕಡಿದುಕೊಳ್ಳೋಣ ಅಂತಾರೆ ಅವರಪ್ಪ. ರಿಮ್ಯಾಂಡ್ ಹೋಮಿಗೆ ಸೇರಿಸಬಹುದೇ?
– ಒಬ್ಬ ತಾಯಿ, ಆಳಂದ ತಾಲ್ಲೂಕು

ಉತ್ತರ: ಪೇಪರಿನ ವಿಚಾರ ಬಿಟ್ಟುಬಿಡಿ ತಾಯಿ. 18 ತುಂಬುವವರೆಗೆ ಮಗನ ಹೊಣೆ ನಿಮ್ಮಿಬ್ಬರದೇ, ಯಾವ ಜಾಹೀರಾತೂ ಅದನ್ನು ಅಳಿಸದು. ಮನೆಯಿಂದ ಹೊರಹಾಕಿದರೆ, ಬೆಲ್ಟಿನಿಂದ ಹೊಡೆದರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ನಿಮ್ಮ ಮೇಲೇ ಬರಬಹುದು: 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ.

ರಿಮ್ಯಾಂಡ್ ಹೋಮ್ ಅಂದರೆ ಈಗಿನ ವೀಕ್ಷಣಾಲಯ. ಅಪರಾಧದ ಆರೋಪವಿರುವ ಮಕ್ಕಳನ್ನು ಬಾಲನ್ಯಾಯ ಮಂಡಳಿಯೇ ಅಲ್ಲಿಗೆ ಕಳಿಸುತ್ತದೆ. ಮಾತು ಕೇಳದ ಮಕ್ಕಳಿಗಾಗಿಯೇ 1986ರ ಕಾಯ್ದೆಯಲ್ಲಿ ಒಂದು ಕಲಂ ಇತ್ತು. ಈಗಿನ ಕಾಯ್ದೆಯಲ್ಲಿ ಅದಿಲ್ಲ.

ನೀವು ಹೋಗಬೇಕಾದದ್ದು ಕಲಬುರಗಿಯ ಮಕ್ಕಳ ಕಲ್ಯಾಣ ಸಮಿತಿಗೆ. ಹುಡುಗ ಬರಲೊಪ್ಪದಿದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಕೊಡಿ, ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಎಂದಿನಿಂದ ಕಾಲೇಜಿಗೆ ಹೋಗಿಲ್ಲ, ಯಾವ ರಾತ್ರಿ ಮನೆಗೆ ಬರಲಿಲ್ಲ, ಯಾವಾಗ ಹೊಡೆದ, ಜೊತೆಗಾರರು ಯಾರು – ತಾರೀಖು ಹಾಕಿ ಬರೆಯಿರಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಕಾಲೇಜಿನ ಹಾಜರಾತಿ, ಆಸ್ಪತ್ರೆ ಚೀಟಿ ಲಗತ್ತಿಸಿ. ಬಹಳ ಅರ್ಜಿಗಳು ಕೆಡುವುದು ‘ಇವನು ನಮಗೆ ಬೇಡ’ ಎಂಬ ಒಂದು ಸಾಲಿನಿಂದ. ಆಗ ಮಗುವನ್ನೇ ಒಪ್ಪಿಸಿಬಿಡಲು ಬಂದವರು ಎಂದು ನಿಮ್ಮನ್ನು ನೋಡುತ್ತಾರೆ. ‘ದುಶ್ಚಟಕ್ಕೆ ಬೀಳುತ್ತಿದ್ದಾನೆ, ರಕ್ಷಣೆ ಮತ್ತು ಆಪ್ತಸಮಾಲೋಚನೆ ಬೇಕು’ ಎಂದು ಬರೆಯಿರಿ. ಸಮಿತಿ ವಿಚಾರಣೆಗೆ ತೆಗೆದುಕೊಂಡರೆ ಸಾಮಾಜಿಕ ತನಿಖೆ 15 ದಿನದಲ್ಲಿ, ಅಂತಿಮ ಆದೇಶ 4 ತಿಂಗಳಲ್ಲಿ ಆಗಬೇಕು. ಮಗನನ್ನು ಅಧಿಕಾರಿಯ ಮೇಲ್ವಿಚಾರಣೆಯಲ್ಲಿ ಮನೆಗೇ ಕಳಿಸಬಹುದು. ಅದನ್ನು ಸೋಲು ಅಂದುಕೊಳ್ಳಬೇಡಿ. ನೀವಿಬ್ಬರೇ ಹೊತ್ತಿದ್ದ ಭಾರಕ್ಕೆ ಮೂರನೆಯವರ ಹೆಗಲು ಸಿಕ್ಕಂತೆ.

ಗಾಂಜಾಕ್ಕೆ ಕಲಬುರಗಿಯ ಸರ್ಕಾರಿ ಜಿಮ್ಸ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ತೋರಿಸಿ. ಫೋನಿನಲ್ಲೇ ಮಾತಾಡಲು ಟೆಲಿ ಮಾನಸ್ 14416 ಇದೆ. ಒಳರೋಗಿಯಾಗಿ ಸೇರಿಸಲು ನಿಮ್ಮ ಅರ್ಜಿಯೊಂದೇ ಸಾಲದು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಇಬ್ಬರು ತಜ್ಞರು ಬೇರೆಬೇರೆಯಾಗಿ ಪರೀಕ್ಷಿಸಬೇಕು. ರಾತ್ರೋರಾತ್ರಿ ಗಾಡಿ ತಂದು ಹುಡುಗನನ್ನು ಹೊತ್ತೊಯ್ಯುವ ವ್ಯಸನಮುಕ್ತಿ ಕೇಂದ್ರಗಳಿಗೆ ದಯವಿಟ್ಟು ಕೊಡಬೇಡಿ. ಮಾರಿದವನ ಹೆಸರು ಗೊತ್ತಾದರೆ ಪೊಲೀಸರಿಗೆ ತಿಳಿಸಿ: ಮಗುವಿಗೆ ಮಾದಕವಸ್ತು ಕೊಟ್ಟವನಿಗೆ ಬಾಲನ್ಯಾಯ ಕಾಯ್ದೆಯ 77ನೇ ಕಲಂನಡಿ 7 ವರ್ಷದವರೆಗೆ ಶಿಕ್ಷೆಯಿದೆ.

ಹೊಡೆತ ಸಹಿಸುತ್ತ ಕೂರಬೇಡಿ, 112ಕ್ಕೆ ಕರೆ ಮಾಡಿ. ಠಾಣೆಯಲ್ಲಿ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯನ್ನೇ ಕೇಳಿ. ಹುಡುಗನನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಕೈಕೋಳ ತೊಡಿಸುವಂತಿಲ್ಲ. ಮನೆಯ ದುಡ್ಡು ಕದ್ದಂಥ ದೂರಿಗೆ ಸಾಮಾನ್ಯವಾಗಿ ಎಫ್‌ಐಆರ್ ಆಗುವುದಿಲ್ಲ. ಠಾಣೆಯ ದಿನಚರಿಯಲ್ಲಿ ಬರೆದುಕೊಂಡು, ಹುಡುಗನ ಹಿನ್ನೆಲೆಯ ವರದಿಯನ್ನು ಬಾಲನ್ಯಾಯ ಮಂಡಳಿಗೆ ಕಳಿಸುತ್ತಾರೆ. ಆದರೆ ದೊಡ್ಡವರ ಜೊತೆ ಸೇರಿ ಕದ್ದಿದ್ದರೆ ಎಫ್‌ಐಆರ್ ಆಗುತ್ತದೆ. ಹಾಗಾಗಿ ಜೊತೆಗಾರರು ಯಾರೆಂದು ತಿಳಿಯುವುದು ಮುಖ್ಯ. ಮಗ ಕಾಣೆಯಾದರೆ 24 ಗಂಟೆ ಕಾಯಬೇಕಿಲ್ಲ, ಆಗಲೇ ದೂರು ಕೊಡಿ.

ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರು ಉಚಿತ, ಸಹಾಯವಾಣಿ 15100.

ಬೈಕಿನ ಕೀ ಇವತ್ತೇ ತೆಗೆದಿಡಿ. ಸಿಕ್ಕಿಬಿದ್ದರೆ ಪೋಷಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ತುಂಬುವ ತನಕ ಲೈಸೆನ್ಸ್ ಇಲ್ಲ.